ಪರದೇಶದ ಬೆಕ್ಕಿನ ಶೆಲ್ಟರ್‌ಗೆ ಸ್ವಯಂಸೇವೆಗೆ ಹೊರಟವರ ಪ್ರಶ್ನೆಗಳು

ಹೊರದೇಶಕ್ಕೆ ಹೋಗಿ ಬೀದಿ ಬೆಕ್ಕುಗಳ ಆಶ್ರಯಧಾಮದಲ್ಲಿ ಕೆಲವು ವಾರ ದುಡಿಯುವ ಆಸೆಯಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಗ್ರೀಸ್‌ನ ಒಂದು ದ್ವೀಪದ ಶೆಲ್ಟರ್‌ನವರು ಎರಡು ತಿಂಗಳಿಗೆ ಬಾ, ಇರಾಕ ಖೋಲಿ ಪುಕ್ಕಟೆ ಅಂತ ಬರದಾರ. ಟೂರಿಸ್ಟ್ ವೀಸಾದ ಮ್ಯಾಲೆ ಹೋದರ ನಡೀತದೇನು? ಇಂಥಾದ್ದ ಕೆಲಸಕ್ಕ ಒಂದು ಏಜೆನ್ಸಿ ದೊಡ್ಡ ರೊಕ್ಕ ಕೇಳಾಕತ್ತದ. ಕೊಡಬೇಕೋ ಬ್ಯಾಡೋ?
— ಪದವಿ ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ

ಉತ್ತರ: ಗ್ರೀಸ್ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ದೇಶ. ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ ಹೆಚ್ಚೆಂದರೆ 90 ದಿನ ಇರಬಹುದು, ಹಾಗಾಗಿ ಎರಡು ತಿಂಗಳಿಗೆ ದಿನದ ಲೆಕ್ಕ ಅಡ್ಡ ಬರದು. ತೊಡಕಿರುವುದು ಭೇಟಿಯ ಉದ್ದೇಶದಲ್ಲಿ. ಸಂಬಳವಿಲ್ಲದ ದುಡಿಮೆಯನ್ನೂ ‘ಕೆಲಸ’ ಎಂದೇ ನೋಡುವ ದೇಶಗಳಿವೆ. ಅರ್ಜಿಯಲ್ಲಿ ಬರೀ ಪ್ರವಾಸ ಎಂದು ಬರೆದು, ಶೆಲ್ಟರ್‌ನ ಪತ್ರವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಿಮಾನ ನಿಲ್ದಾಣದ ಅಧಿಕಾರಿಗೆ ಆ ಪತ್ರ ಸಿಕ್ಕರೆ ಅಲ್ಲಿಂದಲೇ ತಿರುಗಿ ಕಳಿಸಬಹುದು. ಸಂಸ್ಥೆಯ ನೋಂದಣಿ ಸಂಖ್ಯೆ, ದಿನಾಂಕ, ವಸತಿ ವಿಳಾಸ, ಸಂಬಳವಿಲ್ಲ ಎಂಬ ಸಾಲು ಇವೆಲ್ಲ ಇರುವ ಆಹ್ವಾನಪತ್ರ ತರಿಸಿಕೊಂಡು, ಅದನ್ನೇ ಅರ್ಜಿಗೆ ಲಗತ್ತಿಸಿ. ಈ ಕೆಲಸಕ್ಕೆ ಯಾವ ವೀಸಾ ಎಂದು ದೂತಾವಾಸಕ್ಕೆ ಇಮೇಲ್ ಮಾಡಿ, ಬಂದ ಉತ್ತರವನ್ನು ಕಾದಿಡಿ.

ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಷೆಂಗೆನ್ ವಲಯ ಬಿಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು. ಪಾಲಿಸಿಯಲ್ಲಿ ಪ್ರಾಣಿ ಕಡಿತದ ಚಿಕಿತ್ಸೆಯನ್ನೂ ಸ್ವಯಂಸೇವೆಯನ್ನೂ ಹೊರಗಿಟ್ಟಿಲ್ಲವೇ ನೋಡಿ, ಅಗ್ಗದ ಪಾಲಿಸಿಗಳು ಇಲ್ಲೇ ಕೈಕೊಡುವುದು. 2024ರ ಜೂನ್‌ನಿಂದ ವಯಸ್ಕರಿಗೆ ವೀಸಾ ಶುಲ್ಕ 90 ಯೂರೋ. ಹೊರಡುವ 6 ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ಆದರೆ 15 ದಿನ ಎಂಬುದನ್ನು ನಂಬಿ ಕೂರಬೇಡಿ. ಮೊದಲ ಸಲದವರು ಬೆರಳಚ್ಚಿಗೆ ಖುದ್ದು ಹೋಗಲೇಬೇಕು, ಅಪಾಯಿಂಟ್‌ಮೆಂಟ್ ಸಿಕ್ಕಮೇಲಷ್ಟೇ ಬೆಂಗಳೂರಿನ ರೈಲಿಗೆ ಟಿಕೆಟ್ ಮಾಡಿಸಿ. ಬ್ರಿಟನ್‌ನಲ್ಲಿ ನಿಯಮ ಸ್ಪಷ್ಟ: ಭೇಟಿಯ ಮುಖ್ಯ ಉದ್ದೇಶ ಸ್ವಯಂಸೇವೆಯಲ್ಲದಿದ್ದರೆ, ಸಂದರ್ಶಕ ವೀಸಾದ ಮೇಲೆ ನೋಂದಾಯಿತ ದತ್ತಿ ಸಂಸ್ಥೆಯಲ್ಲಿ 30 ದಿನದವರೆಗೆ ಸ್ವಯಂಸೇವೆ ಮಾಡಬಹುದು. ಅದಕ್ಕಿಂತ ಹೆಚ್ಚಿಗೆ ಸಂಸ್ಥೆಯ ಪ್ರಾಯೋಜಕತ್ವದ ಬೇರೆ ವೀಸಾ ಬೇಕು.

ಏಜೆನ್ಸಿ ರೊಕ್ಕ ಕೇಳಿತೆಂಬ ಮಾತ್ರಕ್ಕೆ ಮೋಸವೇನಲ್ಲ. ಅದರಲ್ಲಿ ಎಷ್ಟು ಭಾಗ ಬೆಕ್ಕುಗಳಿಗೆ ಹೋಗುತ್ತದೆ ಎಂದು ಕೇಳಿ, ಉತ್ತರ ತೇಲಿಸಿದರೆ ಬಿಟ್ಟುಬಿಡಿ. ಅದಕ್ಕಿಂತ ಮುಖ್ಯವಾಗಿ ಬೆಕ್ಕು ಎಷ್ಟು, ಕೈ ಎಷ್ಟು ಎಂದು ಕೇಳಿ. ಒಂದು ಬೆಕ್ಕಿಗೆ ದಿನಕ್ಕೆ 15 ನಿಮಿಷ, ಅಂದರೆ ಸ್ವಚ್ಛತೆಗೆ 9, ಊಟಕ್ಕೆ 6, ಇದು ಶೆಲ್ಟರ್‌ಗಳಲ್ಲಿ ಕನಿಷ್ಠವೆಂದು ಒಪ್ಪಿರುವ ಲೆಕ್ಕ. 80 ಬೆಕ್ಕಿಗೆ ದಿನಕ್ಕೆ 20 ಗಂಟೆ ಕೆಲಸ. ಅಲ್ಲಿ ನೀವಿಬ್ಬರೇ ಅಂದರೆ ಬೆಕ್ಕುಗಳೂ ಸೊರಗುತ್ತವೆ, ನೀವೂ ಸೊರಗುತ್ತೀರಿ. ಹೊಸ ಬೆಕ್ಕಿಗೆ ಪ್ರತ್ಯೇಕ ಕೋಣೆ ಇಲ್ಲದ, ಸಂತಾನಹರಣ ಮಾಡಿಸದ ಜಾಗಕ್ಕೆ ಪುಕ್ಕಟೆ ಖೋಲಿ ಕೊಟ್ಟರೂ ಹೋಗಬೇಡಿ ಎಂಬುದು ನಮ್ಮ ಸಲಹೆ.

ಪ್ರಶ್ನೆ: ಯಾವ ಯಾವ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು? ಬೆಕ್ಕು ಪರಚಿದರೆ ಅಷ್ಟೇನೂ ಆಗಲ್ಲ ಅಂತಾರೆ ಮನೆಯಲ್ಲಿ.
— ಓದುಗರು, ವಿಜಯಪುರ

ಉತ್ತರ: ಮನೆಯವರ ಮಾತು ಅರ್ಧ ಮಾತ್ರ ನಿಜ. ಪರಚುವುದಕ್ಕಿಂತ ಕಚ್ಚುವುದು ಕೆಟ್ಟದ್ದು. ಬೆಕ್ಕಿನ ಹಲ್ಲು ಸೂಜಿಯಂಥದ್ದು. ಮೇಲೆ ಚುಕ್ಕೆಯಷ್ಟೇ ಕಾಣುತ್ತದೆ, ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಗೆ ಕೂತುಬಿಡುತ್ತದೆ. ಬೆರಳಿನ ಕೀಲಿಗೆ ಕಚ್ಚಿದರೆ ಒಂದೇ ದಿನದಲ್ಲಿ ಕೈ ಊದಿಕೊಳ್ಳಬಹುದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ವೈದ್ಯರಲ್ಲಿಗೆ ಹೋಗಿ. ಅರಿಶಿನ, ಸುಣ್ಣ ಬೇಡ.

ರೇಬೀಸ್‌ಗೆ ಮುಂಜಾಗ್ರತೆಯ ಲಸಿಕೆ ಇಲ್ಲಿಂದಲೇ ಹಾಕಿಸಿಕೊಂಡು ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ 0 ಮತ್ತು 7ನೇ ದಿನದ ಎರಡು ಡೋಸ್ ಸಾಕೆನ್ನುತ್ತದೆ. ಇಲ್ಲಿ ಹಲವು ವೈದ್ಯರು 21 ಅಥವಾ 28ನೇ ದಿನ ಮೂರನೆಯದನ್ನೂ ಕೊಡುತ್ತಾರೆ, ಆದ್ದರಿಂದ ಹೊರಡುವ ಒಂದೂವರೆ ತಿಂಗಳು ಮೊದಲೇ ಶುರು ಮಾಡಿ. ಇದನ್ನು ಹಾಕಿಸಿಕೊಂಡವರಿಗೆ ಮುಂದೆ ಶಂಕೆಯ ಕಡಿತವಾದರೆ 0 ಮತ್ತು 3ನೇ ದಿನ ಎರಡು ಡೋಸ್ ಸಾಕು, ದುಬಾರಿಯೂ ದುರ್ಲಭವೂ ಆದ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದಿಲ್ಲ. ಟರ್ಕಿ, ಶ್ರೀಲಂಕಾ, ಥಾಯ್ಲೆಂಡ್ ಕಡೆ ಹೋಗುವವರು ಇದನ್ನು ಬಿಡಲೇಬಾರದು. ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಇಡಿ. ಧನುರ್ವಾಯು ಲಸಿಕೆಯೂ ಚಾಲ್ತಿಯಲ್ಲಿರಲಿ. ಗರ್ಭಿಣಿಯರು ಮಲದ ತಟ್ಟೆಯ ಕೆಲಸದಿಂದ ದೂರ ಇರಬೇಕು, ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯಿಂದ ಗರ್ಭದ ಕೂಸಿಗೆ ಅಪಾಯವಿದೆ.

ಪ್ರಶ್ನೆ: ದಿನಾ ಏನೇನು ಕೆಲಸ ಇರತಾವ? ಬೆಕ್ಕು ಆಡಿಸೋದ ಹೆಚ್ಚೋ, ಕಸಾ ಬಳಿಯೋದ ಹೆಚ್ಚೋ?
— ಖಾಸಗಿ ನೌಕರ, ನವನಗರ, ಬಾಗಲಕೋಟೆ

ಉತ್ತರ: ಕಸ ಬಳಿಯೋದೇ. ಅದರಲ್ಲೂ ಕ್ರಮ ತಪ್ಪುವ ಹಾಗಿಲ್ಲ. ಮೊದಲು ಹಾಲು ಕುಡಿಯುವ ಮರಿಗಳ ಕೋಣೆ, ಆಮೇಲೆ ಆರೋಗ್ಯವಂತ ದೊಡ್ಡ ಬೆಕ್ಕು, ಆಮೇಲೆ ಹೊಸದಾಗಿ ಬಂದವು, ಕೊನೆಗೆ ರೋಗಿಗಳು. ರೋಗಿಗಳ ಕೋಣೆಯಿಂದ ಮತ್ತೆ ಮರಿಗಳತ್ತ ಹೋಗಕೂಡದು. ಕಾರಣ ಪ್ಯಾನ್‌ಲ್ಯುಕೋಪೀನಿಯಾ ಎಂಬ ಪಾರ್ವೊ ಜಾತಿಯ ವೈರಸ್. ಅದು ನೆಲ, ಬೂಟು, ಬಕೆಟ್‌ಗಳ ಮೇಲೆ ಒಂದು ವರ್ಷದವರೆಗೂ ಬದುಕಬಲ್ಲದು. ಲಸಿಕೆಯಾಗದ ಮರಿಗಳ ಕೋಣೆಗೆ ಹೊಕ್ಕರೆ ಕೋಣೆಯೇ ಖಾಲಿಯಾದೀತು.

‘ಶೇ. 99.9 ಕೀಟಾಣು ನಾಶ’ ಎಂದು ಬರೆದುಕೊಂಡ ಎಷ್ಟೋ ದ್ರಾವಣಗಳಿಗೆ ಈ ವೈರಸ್ ಬಗ್ಗುವುದಿಲ್ಲ. ಬಗ್ಗುವುದು ಬ್ಲೀಚ್‌ಗೆ: ಶೇ. 5ರ ಮನೆಬಳಕೆ ಬ್ಲೀಚ್ 30 ಮಿಲಿ, ನೀರು 1 ಲೀಟರ್. ಮೊದಲು ಮಲಮೂತ್ರ ತೆಗೆದು, ಸೋಪಿನಿಂದ ತೊಳೆದು, ಆಮೇಲೆ ಬ್ಲೀಚ್ ಹಾಕಿ 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ನೀರಿನಿಂದ ತೊಳೆದು ಒಣಗಿಸಬೇಕು. ಕೊಳೆಯ ಮೇಲೇ ಸುರಿದರೆ ಬ್ಲೀಚ್ ಸತ್ತುಹೋಗುತ್ತದೆ. ಉಚ್ಚೆಯ ಮೇಲೆ ಸುರಿದರೆ ಅಮೋನಿಯಾ ಜೊತೆ ಸೇರಿ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತದೆ. ದ್ರಾವಣ ದಿನವೂ ಹೊಸದಾಗಿ ಕಲಸಿ. ನಮ್ಮ ಮನೆಗಳ ಫಿನೈಲ್, ಡೆಟ್ಟಾಲ್ ಮಾತ್ರ ಬೆಕ್ಕಿನ ಬಳಿ ಬೇಡವೇ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ವಿಷ. ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಉಣ್ಣಿ ಕೊಲ್ಲುವ ಔಷಧವೂ ಅಷ್ಟೇ.

ಅದೇ ಬೆಕ್ಕು ಅದೇ ಗೂಡಲ್ಲಿ ಉಳಿಯುವುದಾದರೆ ದಿನವೂ ಎಲ್ಲವನ್ನೂ ಉಜ್ಜಬೇಕಿಲ್ಲ. ಕೊಳೆಯಾದಷ್ಟು ಒರೆಸಿ, ಹಾಸಿಗೆ ಅದರದ್ದೇ ಇರಲಿ. ತನ್ನ ವಾಸನೆ ಹೋದರೆ ಬೆಕ್ಕು ಗಾಬರಿಯಾಗಿ ಊಟ ಬಿಡುತ್ತದೆ. ಎರಡು ದಿನ ತಿನ್ನದ ಬೆಕ್ಕಿನ, ಅದರಲ್ಲೂ ಮೈತುಂಬಿದ್ದರ, ಯಕೃತ್ತಿಗೆ ಕೊಬ್ಬು ತುಂಬುವ ಅಪಾಯವಿದೆ. ಮಲದ ತಟ್ಟೆ ಬಳಿಯುವಾಗ ಕಣ್ಣು ಕೆಲಸ ಮಾಡುತ್ತಿರಲಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಮರಳು ಒಣಗಿಯೇ ಇದೆ ಎಂದರೆ ಮೂತ್ರನಾಳ ಕಟ್ಟಿದೆ. ಅದನ್ನು ಮಲಬದ್ಧತೆ ಎಂದು ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಚಾರ್ಟ್‌ನಲ್ಲಿ ಬರೆದು ಸುಮ್ಮನಾಗದೆ ತಕ್ಷಣ ಹೇಳಿ.

ಪ್ರಶ್ನೆ: ತಾಯಿ ಇಲ್ಲದ ಮರಿಗಳಿಗೆ ಹಾಲು ಕುಡಿಸುವ ಕೆಲಸ ಕೊಡುತ್ತಾರಂತೆ. ಮನೆಯಲ್ಲಿ ಆಕಳ ಹಾಲು ಬತ್ತಿಯಿಂದ ಹಾಕಿ ರೂಢಿ ಇದೆ.
— ಗೃಹಿಣಿ, ಜಮಖಂಡಿ

ಉತ್ತರ: ಆಕಳ ಹಾಲಿನಿಂದ ಭೇದಿಯಾಗುತ್ತದೆ, ಭೇದಿಯಾದ ಮರಿ ಗಂಟೆಗಳಲ್ಲಿ ಒಣಗುತ್ತದೆ. ಮರಿಗಳಿಗೆಂದೇ ಇರುವ ಹಾಲಿನ ಪುಡಿಯನ್ನು ಡಬ್ಬಿಯ ಅಳತೆಯಂತೆ ಕಲಸಿ, ಸುಮಾರು 38 ಡಿಗ್ರಿಗೆ, ಮುಂಗೈಗೆ ಬೆಚ್ಚಗೆ ತಾಗುವಷ್ಟಕ್ಕೆ ತನ್ನಿ. ಮರಿ ತಣ್ಣಗಿದ್ದರೆ ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಹಾಲು. ತಣ್ಣನೆ ಮರಿಯ ಕರುಳು ಕೆಲಸ ಮಾಡದೆ ಹಾಲು ಹೊಟ್ಟೆಯಲ್ಲೇ ಕೆಡುತ್ತದೆ. ಕೂಸಿನ ಹಾಗೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆ. ಬಾಟಲಿ ತಲೆಕೆಳಗು ಮಾಡಿದಾಗ ನಿಪ್ಪಲ್‌ನಿಂದ ಹನಿಹನಿಯಾಗಿ ಬೀಳಬೇಕು, ಧಾರೆಯಾದರೆ ತೂತು ದೊಡ್ಡದಾಗಿದೆ. ಒತ್ತಿ ಸುರಿದ ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಮೂಗಿನಿಂದ ಹಾಲು ಬಂದರೆ ನಿಲ್ಲಿಸಿ.

ಮೊದಲ ವಾರ 2–3 ಗಂಟೆಗೊಮ್ಮೆ, ರಾತ್ರಿಯೂ. ಸುಮಾರು ಮೂರು ವಾರದವರೆಗೆ ಪ್ರತಿ ಸಲವೂ ಒದ್ದೆ ಹತ್ತಿಯಿಂದ ಹಿಂಭಾಗ ಮೆತ್ತಗೆ ಸವರಿ ಉಚ್ಚೆ ಮಾಡಿಸಬೇಕು, ತಾನಾಗಿ ಮಾಡಲು ಅದಕ್ಕಾಗದು. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10–15 ಗ್ರಾಂ ಏರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಅದೇ ಹೊತ್ತಿಗೆ ತೂಗಿ. ಒಂದು ದಿನ ತೂಕ ನಿಂತರೆ ಮರಿ ಎಷ್ಟೇ ಚುರುಕಾಗಿ ಕಂಡರೂ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನಾವು ಶಾಕಾಹಾರಿಗಳು. ಮೀನು, ಮಾಂಸದ ಡಬ್ಬಿ ಮುಟ್ಟದೆ ಈ ಸೇವೆ ಮಾಡಬಹುದೇ?
— ಓದುಗರು, ಗೋಕಾಕ

ಉತ್ತರ: ಕಷ್ಟ. ಬೆಕ್ಕಿಗೆ ಟಾರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು; ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗುತ್ತದೆ. ನಮ್ಮಲ್ಲಿ ರೊಟ್ಟಿ-ಹಾಲು ತಿಂದೇ ಬೆಕ್ಕು ಬೆಳೆಯಿತಲ್ಲ ಎನ್ನುವವರು ಅದು ಹಗೇವಿನ ಹತ್ತಿರ ಹಿಡಿದ ಇಲಿಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಬಟ್ಟೆ ಒಗೆಯುವ, ಚಾರ್ಟ್ ಬರೆಯುವ, ಅಂಜುಬುರುಕ ಬೆಕ್ಕಿನ ಬಳಿ ಕೂರುವ ಕೆಲಸ ಕೇಳಬಹುದು, ಆದರೆ ಅದನ್ನು ಹೋಗುವ ಮೊದಲೇ ಬರೆದು ತಿಳಿಸಿ. ಕೈಗವಸು ಹಾಕಿ ಡಬ್ಬಿ ತೆರೆಯಲು ಒಪ್ಪುವಿರಾದರೆ ತೊಂದರೆಯೇ ಇಲ್ಲ. ನಿಮ್ಮ ಊಟ ನೀವೇ ಮಾಡಿಕೊಳ್ಳಲು ಒಲೆ ಇದೆಯೇ ಎಂಬುದನ್ನೂ ಕೇಳಿ.

ಪ್ರಶ್ನೆ: ಹಚ್ಚಿಕೊಂಡ ಬೆಕ್ಕನ್ನು ಬರುವಾಗ ಊರಿಗೆ ತರಬಹುದೇ?
— ಕಾಲೇಜು ವಿದ್ಯಾರ್ಥಿ, ಇಳಕಲ್

ಉತ್ತರ: ಆ ಆಸೆ ಬಿಡಿ. ಸಾಕುಪ್ರಾಣಿಯನ್ನು ಭಾರತಕ್ಕೆ ತರುವ ಅವಕಾಶ ಮುಖ್ಯವಾಗಿ ವಾಸವನ್ನೇ ಇಲ್ಲಿಗೆ ಬದಲಿಸುವವರಿಗೆ ಇರುವುದು, ಅದೂ ಪ್ರಾಣಿ ಸಂಗರೋಧ ಇಲಾಖೆಯ ಒಪ್ಪಿಗೆಪತ್ರದೊಂದಿಗೆ, ಗೊತ್ತುಪಡಿಸಿದ ವಿಮಾನ ನಿಲ್ದಾಣಗಳ ಮೂಲಕ.

ಗ್ರೀಸ್‌ನಂಥ ಐರೋಪ್ಯ ಒಕ್ಕೂಟದ ದೇಶಕ್ಕೆ ಹೋದಲ್ಲಿ ‘ಈ ಬೆಕ್ಕನ್ನು ನಿಮ್ಮ ವಿಮಾನದಲ್ಲಿ ಜರ್ಮನಿಗೆ ಒಯ್ದು ದತ್ತುದಾರರಿಗೆ ಮುಟ್ಟಿಸಿ’ ಎಂದು ಕೇಳುವುದುಂಟು. ಅದಕ್ಕೆ ಚರ್ಮದಡಿ ಕೂರಿಸುವ ಗುರುತಿನ ಮೈಕ್ರೋಚಿಪ್, 12 ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ, ಅದಾಗಿ 21 ದಿನ ಬೇಕು. ಹಾಗಾಗಿ 15 ವಾರಕ್ಕಿಂತ ಚಿಕ್ಕ ಮರಿಯನ್ನು ಕೈಗಿಟ್ಟರೆ ಒಪ್ಪಬೇಡಿ. ಮಾಲೀಕರು ಬದಲಾಗುವ ಬೆಕ್ಕು ನಿಮ್ಮ ಸ್ವಂತದ್ದೆಂದು ಹೇಳಿ ದಾಟಿಸುವಂತಿಲ್ಲ, ಪಶುವೈದ್ಯಾಧಿಕಾರಿಯ ಸಾಗಣೆ ಪ್ರಮಾಣಪತ್ರ ಶೆಲ್ಟರ್‌ನವರೇ ಮಾಡಿಸಬೇಕು. ಸ್ಕ್ಯಾನರ್‌ನಲ್ಲಿ ಚಿಪ್ ಓದಿಸಿ, ಅದರ 15 ಅಂಕಿಗಳನ್ನು ಬೆಕ್ಕಿನ ಪಾಸ್‌ಪೋರ್ಟ್ ಜೊತೆ ತಾಳೆ ನೋಡಿದ ಮೇಲಷ್ಟೇ ಪೆಟ್ಟಿಗೆ ತೆಗೆದುಕೊಳ್ಳಿ.