ಗೊಂಬೆಯ ಕಾಲು ಹಿಡಿದವನು ಏನು ಕಲಿಯುತ್ತಾನೆ?

ಪ್ರಶ್ನೆ: ನನ್ನ ಮಗ ಬಿ.ಕಾಂ. ಮುಗಿಸಿ ಇಲ್ಲೇ ಬೆಂಗಳೂರಿನಲ್ಲಿ ಒಬ್ಬ ಗುರುಗಳ ಹತ್ತಿರ ಸೂತ್ರದ ಗೊಂಬೆಯಾಟ ಕಲಿಯುತ್ತಿದ್ದಾನೆ. ವರ್ಷವಾದರೂ ಗೊಂಬೆ ಕೈಗೆ ಸಿಕ್ಕಿಲ್ಲ. ಕೇಳಿದರೆ, "ಜಪಾನಿನಲ್ಲಿ ಹತ್ತು ವರ್ಷ ಬರೀ ಗೊಂಬೆಯ ಕಾಲು ಹಿಡೀತಾರಮ್ಮ, ನಂದೇನು ಮಹಾ" ಅನ್ನುತ್ತಾನೆ. ಇದು ನಿಜಾನಾ? ಸುಮ್ನೆ ವಯಸ್ಸು ಹಾಳಾಗ್ತಿದೆ ಅಲ್ವಾ?
— ಒಬ್ಬ ತಾಯಿ, ಹನುಮಂತನಗರ

ಉತ್ತರ: ನಿಜ ಅಮ್ಮಾ. ಜಪಾನಿನ ಒಸಾಕಾ ನಗರದ ಬುನ್ರಾಕು ಅನ್ನುವ ಗೊಂಬೆಯಾಟದಲ್ಲಿ ಮುಖ್ಯ ಪಾತ್ರದ ಒಂದೊಂದು ಗೊಂಬೆಯನ್ನೂ ಮೂವರು ಸೇರಿ ಆಡಿಸುತ್ತಾರೆ. 1734ರಲ್ಲಿ ಶುರುವಾದ ಪದ್ಧತಿ ಇದು. ತಲೆ ಮತ್ತು ಬಲಗೈ ಹಿರಿಯರದ್ದು. ಎಡಗೈ ಇನ್ನೊಬ್ಬರದ್ದು. ಕಾಲು ಹೊಸಬನದ್ದು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಅನ್ನುವುದು ಅಲ್ಲಿನವರ ಮಾತು. 1972ರಿಂದ ಅಲ್ಲಿನ ರಾಷ್ಟ್ರೀಯ ರಂಗಮಂದಿರದ ತರಬೇತಿಯೂ ಇದೆ. ಅದು ಎರಡು ವರ್ಷದ್ದು. ಮುಗಿಸಿದವರೂ ಒಬ್ಬ ಗುರುವಿನ ಹತ್ತಿರ ಸೇರಿ ಕಾಲಿನಿಂದಲೇ ಶುರು ಮಾಡಬೇಕು.

ಆದರೆ ಅಲ್ಲಿ ಕಾಲು ಹಿಡಿಯುವ ಹುಡುಗ ಕಾಯುತ್ತಾ ಕೂತಿಲ್ಲ. ತುಂಬಿದ ಸಭೆಯ ಮುಂದೆ, ರಂಗದ ಮೇಲೇ ಇದ್ದಾನೆ. ಮುಖದ ಮೇಲೆ ಕಪ್ಪು ಮುಸುಕು. ಗುರುಗಳು ಎತ್ತರದ ಮರದ ಪಾದುಕೆ ಹಾಕಿಕೊಂಡು ನಿಂತಿದ್ದರೆ, ಇವನು ಅವರ ಪಕ್ಕದಲ್ಲಿ ಸೊಂಟ ಬಗ್ಗಿಸಿ, ಗೊಂಬೆಯ ಹಿಮ್ಮಡಿಯ ಹಿಂದಿನ ಲೋಹದ ಹಿಡಿಗಳನ್ನು ಹಿಡಿದಿರುತ್ತಾನೆ. ಗೊಂಬೆ ಈಗ ನಡೆಯಬೇಕು, ಈಗ ನಿಲ್ಲಬೇಕು ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗುರುವಿನ ಸೊಂಟಕ್ಕೆ ಇವನ ತೋಳು ತಾಗಿರುತ್ತದೆ, ಆ ಸೊಂಟ ಕದಲಿದ್ದರಲ್ಲೇ ಇವನಿಗೆ ಗೊತ್ತಾಗಬೇಕು. ಗೊಂಬೆ ಕಾಲು ಅಪ್ಪಳಿಸಿದರೆ ಸದ್ದಿಗೆ ತನ್ನ ಕಾಲನ್ನೇ ಅಪ್ಪಳಿಸುತ್ತಾನೆ. ಪಕ್ಕದ ಕಟ್ಟೆಯಲ್ಲಿ ಕೂತು ಕಥೆ ಹೇಳುವವರ ಉಸಿರು, ಶಾಮಿಸೆನ್ ವಾದ್ಯದ ಪೆಟ್ಟು, ಗುರುವಿನ ನಡೆ, ಮೂರೂ ದಿನಾ ಅವನ ಮೈಮೇಲೆ ಬೀಳುತ್ತಿರುತ್ತವೆ. ಕಾಲು ಹಿಡಿದೇ ಅವನು ಇಡೀ ಆಟ ಕಲಿಯುತ್ತಾನೆ. ನನಗೆ ಆ ಕಲೆಯಲ್ಲಿ ತುಂಬ ಇಷ್ಟವಾಗುವುದು ಇದೇ.

ನಮ್ಮ ಸಲಾಕೆ-ಸೂತ್ರದ ಗೊಂಬೆಗೆ ಈ ಲೆಕ್ಕವನ್ನು ಹಾಗೇ ತರಲಾಗದು. ಇಲ್ಲಿ ದಾರ ಕಟ್ಟಿದ ಬಳೆಯನ್ನು ತಲೆಗೆ ಹಾಕಿಕೊಂಡು, ಸಲಾಕೆಯಿಂದ ಗೊಂಬೆಯ ಕೈ ಆಡಿಸುತ್ತಾ, ಇಡೀ ಗೊಂಬೆಯ ಭಾರವನ್ನು ಒಬ್ಬನೇ ಹೊರುತ್ತಾನೆ. ಹೊಸಬನಿಗೆ ಬಿಟ್ಟುಕೊಡೋಕೆ ಕಾಲು ಅಂತ ಬೇರೆ ಕೆಲಸವೇ ಇಲ್ಲ. ಹಾಗಾಗಿ ವರ್ಷ ಎಷ್ಟಾಯಿತು ಅಂತ ಎಣಿಸಬೇಡಿ. ಆಟ ನಡೆಯುವಾಗ ಮಗ ಎಲ್ಲಿರುತ್ತಾನೆ ಅಂತ ಕೇಳಿ. ಪರದೆಯ ಹಿಂದೆ ನಿಂತು ತಾಳ ಹಾಕುತ್ತಾನಾ? ಹಾಡಿಗೆ ದನಿ ಸೇರಿಸುತ್ತಾನಾ? ಮುಂದಿನ ಗೊಂಬೆಯನ್ನು ಸರಿಯಾದ ಹೊತ್ತಿಗೆ ಎತ್ತಿ ಕೊಡುತ್ತಾನಾ? ಹೌದು ಅಂದರೆ ನಿಶ್ಚಿಂತೆಯಿಂದಿರಿ, ಅವನು ಕಲಿಯುತ್ತಿದ್ದಾನೆ. ನನಗೂ ಮೊದಲು ಸಿಕ್ಕಿದ್ದು ಒಂದು ಮಾತೂ ಇಲ್ಲದ ದ್ವಾರಪಾಲಕನ ಗೊಂಬೆ, ಅದೂ ತಿಂಗಳುಗಟ್ಟಲೆ ತಾಳ ಹಾಕಿದ ಮೇಲೆ. ಹಾಗಲ್ಲದೆ ಪೆಟ್ಟಿಗೆ ಹೊರೋದು, ಕಾರು ತೊಳೆಯೋದು, ಆಟದ ಹೊತ್ತಿಗೆ ಮನೆಗೆ ಬರೋದು ಅಂತಾದರೆ, ಜಪಾನಿನ ಹೆಸರು ಹೇಳಿ ಅದನ್ನು ಒಪ್ಪಿಕೊಳ್ಳಬೇಕಿಲ್ಲ. "ಆಟದಲ್ಲಿ ನನಗೊಂದು ಜಾಗ ಕೊಡಿ ಗುರುಗಳೇ" ಅಂತ ಅವನೇ ಹೋಗಿ ಕೇಳಲಿ. ನೀವು ಹೋಗಬೇಡಿ.

ಪ್ರಶ್ನೆ: ಬುನ್ರಾಕುವಿನಲ್ಲಿ ಹೆಣ್ಣು ಗೊಂಬೆಗಳಿಗೆ ಕಾಲೇ ಇರಲ್ವಂತೆ. ಹಾಗಾದರೆ ಕಾಲಿನವನಿಗೆ ಏನು ಕೆಲಸ ಸರ್? ಹುಡುಗಿಯರು ಈ ಆಟ ಕಲಿಯಬಹುದಾ?
— ಪಿಯುಸಿ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಸಾಮಾನ್ಯವಾಗಿ ಇರುವುದಿಲ್ಲ ಮಗಳೇ. ಅವನು ಕಿಮೊನೊದ ಅಂಚನ್ನು ಒಳಗಿನಿಂದ ಹಿಡಿದು, ನಡಿಗೆಯನ್ನು ಬಟ್ಟೆಯಲ್ಲೇ ತೋರಿಸುತ್ತಾನೆ. ಗೊಂಬೆ ಕೂತಾಗ ಮುಷ್ಟಿಯನ್ನೇ ಮಂಡಿ ಮಾಡುತ್ತಾನೆ. ಕಾಲಿರುವ ಗೊಂಬೆಗಿಂತ ಇದು ಕಷ್ಟ ಅಂತ ನನಗನ್ನಿಸುತ್ತದೆ. ಒಸಾಕಾದ ತಂಡದಲ್ಲಿ ಗಂಡಸರೇ ಇದ್ದಾರೆ. ಆದರೆ ಅವಾಜಿ ದ್ವೀಪದಲ್ಲಿ ಇದೇ ಬಗೆಯ ಮೂವರ ಗೊಂಬೆಯಾಟವನ್ನು ಹೆಣ್ಣುಮಕ್ಕಳೂ ಆಡಿಸುತ್ತಾರೆ. ನಮ್ಮ ಬೆಂಗಳೂರಿನಲ್ಲಂತೂ ಹೆಣ್ಣುಮಕ್ಕಳೇ ಮುಂದೆ ನಿಂತು ಗೊಂಬೆ ತಂಡ ನಡೆಸುತ್ತಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಒಂದು ಆಟ ನೋಡು. ಮುಗಿದ ಕೂಡಲೇ ಪರದೆಯ ಹಿಂದೆ ಹೋಗಿ, ಗೊಂಬೆಯನ್ನು ಒಂದು ಸಲ ಎತ್ತಿ ನೋಡ್ಲಾ ಅಂತ ಕೇಳು.