ಕಾರ್ ಫ್ರಿಜ್‌ನಲ್ಲಿ ಹಾಲು ಒಡೆಯುವುದೇಕೆ?

ಕಲಬುರಗಿಯಿಂದ ಬೀದರ್ ಮುಟ್ಟುವಷ್ಟರಲ್ಲೇ ಹಾಲು ಒಡೆಯಿತು ಅಂದರೆ, ನಿಮ್ಮದು ಬಹುಶಃ ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಡಬ್ಬಿ. ಅದು ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿ ಇಳಿಸಿದರೆ ಹೆಚ್ಚು. ನಮ್ಮ ಮೇ ತಿಂಗಳ 43ರಲ್ಲಿ ಒಳಗೆ 23 ಉಳಿಯಿತು. ಹಾಲು ಒಡೆಯದೆ ಇನ್ನೇನ್ರಿ!

ಮೊದಲು ಹಿಂದಿನ ಲೇಬಲ್ ನೋಡಿ. ಕಂಪ್ರೆಸರ್ ಇಲ್ಲವಾದರೆ ರಿಪೇರಿಗೆ ಕೊಡಬೇಡಿ, ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ನಾಲ್ವರಿಗೆ 35-40 ಲೀಟರ್ ಸಾಕು, ದೊಡ್ಡದು ಡಿಕ್ಕಿ ನುಂಗುತ್ತದೆ.

ಆಮೇಲೆ ವೈರಿಂಗ್. ಸಿಗರೇಟ್ ಲೈಟರ್‌ನ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಫ್ರಿಜ್ ತಾನೇ ಬಂದ್ ಆಗಬಹುದು. ಬ್ಯಾಟರಿಯಿಂದ ನೇರ, ಫ್ಯೂಸ್ ಹಾಕಿ, ದಪ್ಪ ವೈರ್ ಎಳೆಸಿ. ಕಟ್-ಆಫ್ (ಬ್ಯಾಟರಿ ಇಳಿದಾಗ ಫ್ರಿಜ್ ಬಂದ್ ಮಾಡುವ ಸೆಟ್ಟಿಂಗ್) 'ಹೈ'ನಲ್ಲಿರಲಿ, ಇಲ್ಲದಿದ್ದರೆ ಬೆಳಗ್ಗೆ ಗಾಡಿ ತಳ್ಳಬೇಕಾದೀತು. ರಾತ್ರಿಯಿಡೀ ಓಡಿಸಲು ಬೇರೆ ಬ್ಯಾಟರಿಯೇ ಬೇಕು.

ಹೊರಡುವ ಹಿಂದಿನ ರಾತ್ರಿ ಮನೆ ಕರೆಂಟಿಗೆ ಹಾಕಿ ತಣ್ಣಗೆ ಮಾಡಿಡಿ.