ಸಾವಿರಾರು ಪ್ರೋಟೀನ್ ಅಳೆಯುವ ರಕ್ತಪರೀಕ್ಷೆ ಮಾಡಿಸಿದರೆ ಮುಂದೆ ಬರುವ ಕಾಯಿಲೆ ಮೊದಲೇ ಗೊತ್ತಾಗುತ್ತದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕಾಯಿಲೆಯ ಸುಳಿವು ಮೊದಲೇ ಸಿಗುತ್ತದೆಯೇ? ಕೆಲವು ಕಾಯಿಲೆಗಳಲ್ಲಿ ಹೌದು. ಸಿಕ್ಕರೆ ಅದರಿಂದ ಪ್ರಯೋಜನವಿದೆಯೇ? ಇದು ಬೇರೆಯೇ ವಿಷಯ. ಆರೋಗ್ಯವಾಗಿರುವವರು ಸದ್ಯಕ್ಕೆ ಕೈಯಿಂದ ದುಡ್ಡು ಹಾಕಿ ಇಂಥ ದೊಡ್ಡ ಪ್ಯಾನೆಲ್ (ಒಟ್ಟಿಗೆ ಹಲವು ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದ ದೊಡ್ಡ ಪುರಾವೆ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನದು. 2006ರಿಂದ 2010ರವರೆಗೆ 40–69 ವಯಸ್ಸಿನ ಸುಮಾರು 5 ಲಕ್ಷ ಜನರನ್ನು ಅದು ಸೇರಿಸಿಕೊಂಡಿತು. ಅವರಲ್ಲಿ 54 ಸಾವಿರದಷ್ಟು ಜನರ ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ) ಸುಮಾರು 2,900 ಪ್ರೋಟೀನ್ ಅಳೆದ ಫಲಿತಾಂಶ 2023ರಲ್ಲಿ ಹೊರಬಂತು. ಅದನ್ನಿಟ್ಟುಕೊಂಡು 2024ರಲ್ಲಿ ಒಂದು ತಂಡ 218 ಕಾಯಿಲೆಗಳನ್ನು ಪರಿಶೀಲಿಸಿತು. ಕೇವಲ 5ರಿಂದ 20 ಪ್ರೋಟೀನ್ ಸೇರಿಸಿದ್ದಕ್ಕೆ 67 ಕಾಯಿಲೆಗಳ 10 ವರ್ಷದ ಮುನ್ಸೂಚನೆ ಸುಧಾರಿಸಿತು. ಉಳಿದ ಕಾಯಿಲೆಗಳಲ್ಲಿ ವೈದ್ಯರು ಕೇಳಿಯೇ ತಿಳಿದುಕೊಳ್ಳುವ ಮಾಹಿತಿಗಿಂತ ಗಮನಾರ್ಹವಾದ ಲಾಭವೇನೂ ಕಾಣಲಿಲ್ಲ. ಜಾಹೀರಾತುಗಳು ಹೇಳುವುದು ಮೊದಲರ್ಧ ಮಾತ್ರ. ಲಾಭ ಎದ್ದು ಕಂಡ ಮಲ್ಟಿಪಲ್ ಮೈಲೋಮಾದಲ್ಲಿ ಕಾರಣವೂ ಸ್ಪಷ್ಟ: ಆ ಕ್ಯಾನ್ಸರ್ ಹುಟ್ಟುವ ಪ್ಲಾಸ್ಮಾ ಕೋಶಗಳೇ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು) ಬಿಸಿಎಂಎ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ.

ಇನ್ನು ಅಳತೆ. ರಕ್ತದಲ್ಲಿ ಆಲ್ಬುಮಿನ್ ಲೀಟರಿಗೆ 35–50 ಗ್ರಾಂ ಇದ್ದರೆ, ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಪ್ರೋಟೀನುಗಳು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ (ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಇಷ್ಟು ಸೂಕ್ಷ್ಮವಾದದ್ದನ್ನು ಹಿಡಿಯಲು ಯುಕೆ ಬಯೋಬ್ಯಾಂಕ್ ಬಳಸಿದ ಓಲಿಂಕ್ ವಿಧಾನದಲ್ಲಿ ಒಂದೇ ಪ್ರೋಟೀನಿಗೆ ಎರಡು ಪ್ರತಿಕಾಯ ಅಂಟಬೇಕು. ಆಗ ಅವುಗಳ ಬಾಲದ ಡಿಎನ್‌ಎ ತುಣುಕುಗಳು ಜೋಡಿಯಾಗುತ್ತವೆ, ಯಂತ್ರ ಆ ಡಿಎನ್‌ಎಯನ್ನು ಎಣಿಸುತ್ತದೆ. ಹಾಗೆ ಬರುವ ಎನ್‌ಪಿಎಕ್ಸ್ ಸಂಖ್ಯೆ ಗ್ರಾಂ ಲೆಕ್ಕದ್ದಲ್ಲ, ಸಾಪೇಕ್ಷವಾದದ್ದು. 1 ಅಂಕ ಹೆಚ್ಚಾದರೆ ಪ್ರಮಾಣ ಸರಿಸುಮಾರು ಇಮ್ಮಡಿ. ಎರಡು ಬೇರೆ ಪ್ರೋಟೀನುಗಳ ಎನ್‌ಪಿಎಕ್ಸ್ ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಹೋದ ವರ್ಷದ ವರದಿಯನ್ನು ಈ ವರ್ಷದ್ದಕ್ಕೆ ಹೋಲಿಸಬೇಕಾದರೂ ಎರಡೂ ಬ್ಯಾಚುಗಳನ್ನು ಎರಡರಲ್ಲೂ ಅಳೆದ ಅವೇ ಮಾದರಿಗಳಿಂದ ಸರಿದೂಗಿಸಿರಬೇಕು.

ಎಡವಟ್ಟು ಹೆಚ್ಚಾಗಿ ಆಗುವುದು ಯಂತ್ರಕ್ಕೆ ಹೋಗುವ ಮೊದಲೇ. ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ರಕ್ತ ತೆಗೆದ ಕೂಡಲೇ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು; ಕುಲುಕಿದರೆ ಕೆಂಪು ರಕ್ತಕಣ ಒಡೆದು ಅದರೊಳಗಿನ ಪ್ರೋಟೀನೆಲ್ಲ ಪ್ಲಾಸ್ಮಾಕ್ಕೆ ಬರುತ್ತದೆ. ಒಂದೆರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ, ಸಣ್ಣ ಸಣ್ಣ ಪಾಲು ಮಾಡಿ, ಮೈನಸ್ 80 ಡಿಗ್ರಿಯಲ್ಲಿಡಬೇಕು. ತಡವಾದರೆ ಪ್ಲೇಟ್‌ಲೆಟ್‌ಗಳು ಸಿಡಿ40 ಲೈಗ್ಯಾಂಡಿನಂಥ ಉರಿಯೂತದ ಪ್ರೋಟೀನುಗಳನ್ನು ಹೊರಬಿಡುತ್ತವೆ, ಉರಿಯೂತವೇ ಇಲ್ಲದವರ ವರದಿಯಲ್ಲೂ ಉರಿಯೂತ ಕಾಣಿಸುತ್ತದೆ. ಪಾಲು ಮಾಡಿಡುವುದು ಪದೇಪದೇ ಕರಗಿಸಿ ಹೆಪ್ಪುಗಟ್ಟಿಸುವುದನ್ನು ತಪ್ಪಿಸಲು.

ನಿಮ್ಮ ಕಡೆಯಿಂದಲೂ ತೊಂದರೆ ಆಗಬಹುದು. ಹಿಂದಿನ ದಿನದ ಕಠಿಣ ವ್ಯಾಯಾಮ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೆಚ್ಚುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಏರಿಸಬಲ್ಲದು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಜಿಡಿಎಫ್-15 ಎಂಬ ಪ್ರೋಟೀನನ್ನು ಏರಿಸುತ್ತದೆ. ಮೂತ್ರಪಿಂಡ ನಿಧಾನವಾಗಿದ್ದರೆ ಸಣ್ಣ ಪ್ರೋಟೀನುಗಳೆಲ್ಲ ಒಟ್ಟಿಗೆ ಹೆಚ್ಚಿರುತ್ತವೆ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ (ಒಂದು ಬಿ ವಿಟಮಿನ್) ತಿನ್ನುತ್ತಿದ್ದರೆ ಮೊದಲೇ ಹೇಳಿ, ಕೆಲವು ಪರೀಕ್ಷೆಗಳಲ್ಲಿ ಅದು ಟ್ರೋಪೋನಿನನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಎಲ್ಲ ಸರಿಯಿದ್ದರೂ ಲೆಕ್ಕ ಕಾಡುತ್ತದೆ. ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ, ರೋಗಿಗಳನ್ನೂ ಆರೋಗ್ಯವಂತರನ್ನೂ ಶೇ. 90ರಷ್ಟು ಸರಿಯಾಗಿ ಗುರುತಿಸುವ ಪರೀಕ್ಷೆ ಎಂದಿಟ್ಟುಕೊಳ್ಳಿ. 10,000 ಜನರಲ್ಲಿ 90 ರೋಗಿಗಳು ಸಿಗುತ್ತಾರೆ, ಜೊತೆಗೆ ಆರೋಗ್ಯವಾಗಿರುವ 990 ಜನಕ್ಕೂ ‘ಪಾಸಿಟಿವ್’ ಬರುತ್ತದೆ.

ಅದಕ್ಕೇ ನಾನು ನೋಡುವುದು, ಸಂಖ್ಯೆ ಬಂದ ಮೇಲೆ ಮಾಡಲು ಏನಿದೆ ಎಂಬುದನ್ನು. ಬ್ರಿಟನ್ನಿನ ಯುಕೆಸಿಟಿಒಸಿಎಸ್ ಪ್ರಯೋಗದಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದರು. ವರ್ಷಕ್ಕೊಮ್ಮೆ ಸಿಎ-125 ಎಂಬ ಪ್ರೋಟೀನ್ ಅಳೆದ ಗುಂಪಿನಲ್ಲಿ ಪರೀಕ್ಷೆ ಮಾಡದ ಗುಂಪಿಗಿಂತ ಹೆಚ್ಚು ಮಂದಿಯಲ್ಲಿ ಅಂಡಾಶಯದ ಕ್ಯಾನ್ಸರ್ ಆರಂಭದ ಹಂತದಲ್ಲೇ ಸಿಕ್ಕಿತು, ಆದರೂ 2021ರ ಫಲಿತಾಂಶದಲ್ಲಿ ಸಾವು ಕಡಿಮೆಯಾಗಿರಲಿಲ್ಲ. ಐರ್ಲೆಂಡಿನ ಸ್ಟಾಪ್-ಎಚ್‌ಎಫ್ ಪ್ರಯೋಗ ಇದಕ್ಕೆ ತದ್ವಿರುದ್ಧ. ಹೃದಯದ ಅಪಾಯಾಂಶವಿದ್ದ 1,374 ಜನರಲ್ಲಿ ಒಂದು ಗುಂಪಿಗೆ, ಹೃದಯದ ಮೇಲೆ ಒತ್ತಡ ಬಿದ್ದಾಗ ಹೆಚ್ಚುವ ಬಿಎನ್‌ಪಿ ಅಳೆದು, ಮಿಲಿಲೀಟರಿಗೆ 50 ಪಿಕೋಗ್ರಾಂ ದಾಟಿದವರಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮತ್ತು ಹೃದ್ರೋಗ ತಜ್ಞರ ಆರೈಕೆ ಕೊಟ್ಟರು. ಹೃದಯದ ಎಡ ಕೋಣೆ ದುರ್ಬಲವಾದದ್ದು ಆ ಗುಂಪಿನಲ್ಲಿ ಶೇ. 5.3, ಇನ್ನೊಂದರಲ್ಲಿ ಶೇ. 8.7. ಅಲ್ಲಿ ಇದ್ದದ್ದು ಒಂದೇ ಪ್ರೋಟೀನ್, ಮುಂದಿನ ಹೆಜ್ಜೆ ಮೊದಲೇ ನಿಗದಿಯಾಗಿತ್ತು.

ಹಾಗಾಗಿ ಮಧುಮೇಹ ಅಥವಾ ರಕ್ತದೊತ್ತಡ ಇದ್ದರೆ ಮೂತ್ರಪಿಂಡದ ಹಾನಿ ತೋರಿಸುವ, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತದಿಂದ ಶುರುಮಾಡಿ. ಮಧುಮೇಹಿಗಳು ಬಿಎನ್‌ಪಿಯ ಜೊತೆಗೇ ಹುಟ್ಟುವ ಎನ್‌ಟಿ-ಪ್ರೊಬಿಎನ್‌ಪಿ ಬಗ್ಗೆಯೂ ವೈದ್ಯರನ್ನು ಕೇಳಿ. ಅದಕ್ಕೆ ಗಡಿ ಮಿಲಿಲೀಟರಿಗೆ 125 ಪಿಕೋಗ್ರಾಂ, ಆದರೆ ಬೊಜ್ಜಿರುವವರಲ್ಲಿ ಅದು ಸಹಜವಾಗಿಯೇ ಕಡಿಮೆ ತೋರುತ್ತದೆ. ಹೃದ್ರೋಗದ ಅಪಾಯ ಹೆಚ್ಚಿಸುವ ಲೈಪೊಪ್ರೋಟೀನ್(ಎ) ಬಹುಪಾಲು ಹುಟ್ಟಿನಿಂದಲೇ ಬರುವುದು, ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಅಳೆದರೆ ಸಾಕು. ಮೂತ್ರದ ಅನುಪಾತ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ತಕ್ಷಣ ಗಾಬರಿ ಬೇಡ. ಜ್ವರ, ಮೂತ್ರದ ಸೋಂಕು ಇಲ್ಲದಾಗ ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಿಸಿ. ಕೆಲವು ತಿಂಗಳ ಅವಧಿಯ ಮೂರು ಮಾದರಿಗಳಲ್ಲಿ ಎರಡು ಹೆಚ್ಚಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.